ಜೋಡಿ ಜಾಗ

"ಇಷ್ಟೇಯಾ?" ಎಂದ ಶಿವರಾಮು.

ಗಾಜಿನ ಕೌಂಟರಿನ ಮೇಲೆ ಶಾಂತರಾಜು ಇಟ್ಟ ವಸ್ತು ಜೇಬಿನ ಬಾಚಣಿಗೆಯಷ್ಟಿತ್ತು. ಕಪ್ಪು ಪಟ್ಟಿ, ಅದರ ಒಂದು ಅಂಚಿನುದ್ದಕ್ಕೂ ಹೊಂಬಣ್ಣದ ಸಣ್ಣ ಹಲ್ಲುಗಳು. ಗುಂಡ್ಲುಪೇಟೆಯ ಬಾಳೆಕಾಯಿ, ಟೊಮೆಟೊ, ಚೆಂಡುಹೂಗಳನ್ನು ವರ್ಷಗಟ್ಟಲೆ ಲಾರಿಯಲ್ಲಿ ಬಂಡೀಪುರ ದಾಟಿಸಿ ಘಾಟಿ ಇಳಿಸಿದ ಮನುಷ್ಯನಿಗೆ, ಈ ಬಾಚಣಿಗೆಯ ಬಲದಿಂದ ಕಂಪ್ಯೂಟರಿನೊಳಗೆ ಲಾರಿ ಓಡುತ್ತದೆಂದು ನಂಬಿಸಲು ಹೊರಟವರ ಧೈರ್ಯ ಮೆಚ್ಚಬೇಕಾದ್ದೇ. ಆ ಧೈರ್ಯ ಅವನ ಮಗಳು ಕುಮಾರಿಯದು. ಅವಳು ಚಾಮರಾಜನಗರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ದಿನವೂ ಹಂಗಳದಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ತೆರಕಣಾಂಬಿ ಮೇಲೆ ಇನ್ನೊಂದು ಬಸ್ಸು ಹಿಡಿದು ಬಂದು ಹೋಗುವವಳು. ಇವತ್ತು ಅಪ್ಪನನ್ನೂ ಹೊರಡಿಸಿಕೊಂಡು ಬಂದಿದ್ದಳು.

"ಇಷ್ಟೇ ಸಾರ್. ಮೆಮೊರಿ ಅಂದ್ರೆ ಇದೇ," ಎಂದ ಶಾಂತರಾಜು. ಅಂಗಡಿ ಅವನದು. ಜೆರಾಕ್ಸು, ಪ್ರಿಂಟರಿನ ಇಂಕು, ಪರೀಕ್ಷೆಯ ಅರ್ಜಿ ತುಂಬುವುದು ಇವುಗಳಿಂದ ಅದು ನಡೆಯುತ್ತಿತ್ತು. ಗೇಮಿಂಗ್ ಕಂಪ್ಯೂಟರ್ ಕಟ್ಟಿಕೊಡುವುದು ಮಾತ್ರ ಅವನ ಖುಷಿಯ ಕೆಲಸ. ಅಂಥ ಗಿರಾಕಿ ಅಪರೂಪಕ್ಕೆ ಬರುತ್ತಿದ್ದುದರಿಂದ ಅವಸರವಿಲ್ಲದೆ ಮಾತಾಡುತ್ತಿದ್ದ.

ಕುಮಾರಿ ಬಸ್ಸಿನಲ್ಲಿ ಕೂತಾಗಲೆಲ್ಲ ಇದೇ ವಿಷಯದ ವಿಡಿಯೋ ನೋಡಿ ಒಂದು ತೀರ್ಮಾನಕ್ಕೆ ಬಂದಿದ್ದಳು. "ಹದಿನಾರು ಜಿಬಿದು ಒಂದೇ ಹಾಕ್ಬಿಡಿ. ಮುಂದೆ ಬೇಕಾದ್ರೆ ಇನ್ನೊಂದು ತಗೋಬೋದು."

"ಹಾಗೂ ಹಾಕ್ಬೋದು ಮೇಡಂ. ಆದ್ರೆ ನೀವು ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ ಅಂದ್ರಲ್ಲ, ಆಗ ಚಿತ್ರ ಬರೆಯೋ ಕೆಲಸಾನೂ ಪ್ರೊಸೆಸರ್ ತಲೆ ಮೇಲೇ ಬೀಳುತ್ತೆ. ಬೇಕಾದ್ದನ್ನೆಲ್ಲ ಅದು ಈ ಮೆಮೊರಿಯಿಂದ್ಲೇ ಎತ್ಕೋಬೇಕು. ಒಂದೇ ಇದ್ರೆ ಎತ್ಕೊಳ್ಳೋಕೆ ಒಂದೇ ದಾರಿ. ಎಂಟೆಂಟು ಜಿಬಿದು ಎರಡಿದ್ರೆ ಎರಡು ದಾರಿ, ಆಟ ನುಣ್ಣಗೆ ಓಡುತ್ತೆ."

ಕುಮಾರಿ ಮೊಬೈಲ್ ತೆಗೆದು ಮತ್ತೆ ಏನನ್ನೋ ಹುಡುಕತೊಡಗಿದಳು. ಕುರ್ಚಿಯಲ್ಲಿ ಕೂತಿದ್ದ ಶಿವರಾಮು ಊರುಗೋಲಿನಿಂದ ನೆಲ ಕುಟ್ಟಿದ.

"ಎರಡು ಆಕಪ್ಪ. ಇದ್ರಲ್ಲಿ ಯೋಚ್ನ ಮಾಡಾಕ ಯಾನದ? ಹಿಂದ್ಗಡ ಒಂಟಿ ಟೈರ್ ಆಕಂಡು ಯಾವನಾರ ಲೋಡ್ ಎಳ್ದಾನಾ? ಜೋಡಿ ಟೈರೇ ಬೇಕು. ಎರಡೂ ಒಂದೇ ಕಂಪ್ನಿದು, ಒಂದೇ ಸೈಜಿಂದು. ಹೊಸದ್ರ ಪಕ್ಕ ಸವ್ದಿರದ ಕಟ್ಟಿದ್ರ ಎರಡೂ ಹಾಳಾಯ್ತವ."

"ಅದೇ ಸಾರ್," ಎಂದು ಶಾಂತರಾಜು ನಕ್ಕ. "ನಾನು ಇದನ್ನ ಜನಕ್ಕೆ ತಿಳಿಸೋಕೆ ಒದ್ದಾಡ್ತೀನಿ. ನೀವು ಟೈರಲ್ಲೇ ಮುಗಿಸಿಬಿಟ್ರಿ."

ಶಿವರಾಮು ಮೀಸೆ ಸವರಿಕೊಂಡ. ಅವನನ್ನು ಯಾರಾದರೂ ಹೊಗಳಿ ಬಹಳ ದಿನವಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಜನ ಅವನೊಡನೆ ಆಡುತ್ತಿದ್ದ ಮಾತೆಲ್ಲ ಸಕ್ಕರೆ ಎಷ್ಟಿದೆ, ಮಾತ್ರೆ ನುಂಗಿದೆಯಾ, ಅನ್ನ ಬಿಟ್ಟಿದ್ದೀಯಾ ಎನ್ನುವುದರಲ್ಲೇ ಮುಗಿಯುತ್ತಿತ್ತು. ಟೈರಿನ ವಿಷಯ ಅವನನ್ನು ಯಾರೂ ಕೇಳುತ್ತಿರಲಿಲ್ಲ.

ಎಡಗಾಲಿನ ಹೆಬ್ಬೆರಳಿಗಾದ ಒಂದು ಸಣ್ಣ ಗಾಯ ಸಕ್ಕರೆ ಕಾಯಿಲೆಯಿಂದ ಮಾಯದೆ, ಕೊನೆಗೆ ಮಂಡಿಯ ಕೆಳಗೆ ಕಾಲು ತೆಗೆಯಬೇಕಾಗಿ ಬಂದಿತ್ತು. ಕ್ಲಚ್ಚು ತುಳಿಯುವ ಕಾಲು. ಅಂದಿನಿಂದ ಅವನ ಸ್ವಂತ ಲಾರಿ ಹಂಗಳದ ಮನೆಯ ಮುಂದೆ, ಬೇವಿನ ಮರಕ್ಕೂ ಜಗಲಿಗೂ ನಡುವೆ ನಿಂತುಬಿಟ್ಟಿತ್ತು. ಡ್ರೈವರ್ ಇಟ್ಟು ಓಡಿಸು ಎಂದರೆ ಬೇಡ, ಮಾರು ಎಂದರೆ ಬೇಡ. ಮೊದಮೊದಲು ದಿನಾ ಬೆಳಿಗ್ಗೆ ಊರುಗೋಲು ಊರಿಕೊಂಡು ಹೋಗಿ, ಹೇಗೋ ಹತ್ತಿ, ಎಂಜಿನ್ ಶುರುಮಾಡಿ, ಅದರ ಸದ್ದನ್ನು ಸ್ವಲ್ಪ ಹೊತ್ತು ಕೇಳಿ ಆರಿಸಿ ಇಳಿಯುತ್ತಿದ್ದ. ಬ್ಯಾಟರಿ ಸತ್ತ ಮೇಲೆ ಅದೂ ತಪ್ಪಿತು. ಆದರೂ ಹತ್ತುವುದನ್ನು ಬಿಡಲಿಲ್ಲ. ಸೀಟಿನ ಮೇಲೆ ಕೂತು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಮೊಬೈಲಿನಲ್ಲಿ ಯಾವ್ಯಾವುದೋ ದೇಶದ ಡ್ರೈವರುಗಳು ಬೆಟ್ಟ ಹತ್ತುವ ವಿಡಿಯೋ ನೋಡುತ್ತಿದ್ದ. ಹೆಂಡತಿ ಮಲ್ಲಿಗಮ್ಮ ಹೊಲದ ಕೆಲಸಕ್ಕೆ ಹೋಗುವಾಗ ಹೇಗೆ ಕೂತಿರುತ್ತಿದ್ದನೋ ಬರುವಾಗಲೂ ಹಾಗೆಯೇ ಕೂತಿರುತ್ತಿದ್ದ. ಲಾರಿಯ ಅಡಿಯಲ್ಲಿ, ಹಿಂದಿನ ಗಾಲಿಯ ಮರೆಯಲ್ಲಿ, ಅವಳ ಕೆಂದ ಕೋಳಿ ಮೊಟ್ಟೆಯಿಡಲು ಜಾಗ ಮಾಡಿಕೊಂಡಿತ್ತು.

ಮೂಗಯ್ಯ ಅವನ ಹತ್ತಿರ ಕ್ಲೀನರಾಗಿ ಸೇರಿ, ಅವನ ಬೈಗುಳ ತಿಂದೇ ಸ್ಟೇರಿಂಗ್ ಕಲಿತವನು. ಈಗ ಬೇರೆಯವರ ಲಾರಿ ಓಡಿಸುತ್ತಿದ್ದ. ಈ ಲಾರಿಯನ್ನು ತನಗೆ ಮಾರಬೇಕೆಂದು ಬಂದು ಕೇಳಿದ್ದ. "ನೋಡನ ಕಣ್ಲಾ," ಎಂದು ಶಿವರಾಮು ಟೀ ಕುಡಿಸಿ ಕಳಿಸಿದ್ದ. ಇನ್ನೊಮ್ಮೆ ಕೇಳಿದಾಗಲೂ ಟೀಯೇ.

ಹೀಗಿರುವಾಗ ಕುಮಾರಿಗೆ ಒಂದು ಲಾರಿ ಆಟದ ಸುದ್ದಿ ಸಿಕ್ಕಿತು. ಮಲಪ್ಪುರಂ ಕಡೆಯ ಯಾರೋ ಹುಡುಗರು ಆ ಆಟದೊಳಗೆ ಗುಂಡ್ಲುಪೇಟೆಯಿಂದ ಬಂಡೀಪುರ, ಗೂಡಲೂರು, ನಾಡುಗಾಣಿ ಘಾಟಿಯ ಮೇಲೆ ಕೇರಳಕ್ಕೆ ಇಳಿಯುವ ರಸ್ತೆಯನ್ನು ತಿರುವು ತಿರುವೂ ಬಿಡದೆ ಮಾಡಿಟ್ಟಿದ್ದರು. ಅವಳು ಮೊಬೈಲಿನಲ್ಲಿ ತೋರಿಸಿದಾಗ ಶಿವರಾಮು ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯನ್ನೂ ಕರೆದು, ಅವಳೆದುರಿಗೇ ಮಾತು ಕೊಟ್ಟ. "ಅದ್ರೊಳಗ ನಮ್ ರೋಡು ನಮ್ ರೋಡಿನಂಗೇ ಓಡ್ಬುಟ್ರ ಮೂಗಯ್ಯನ್ಗ ಕೀ ಕೊಟ್ಬುಡ್ತೀನಿ. ಓಡ್ನಿಲ್ಲ ಅಂದ್ರ, ಲಾರಿ ಮಾರ ಮಾತ ಈ ಮನೇಲಿ ಇನ್ ಯಾರೂ ಎತ್ತಕೂಡ್ದು."

ಓಡುವುದಿಲ್ಲ ಎಂಬ ನಂಬಿಕೆಯಿಂದಲೇ ಆಡಿದ ಮಾತು ಅದು. ಕುಮಾರಿಗೂ ಅದು ಗೊತ್ತಿತ್ತು. ಆದರೂ ಬಾಯಿಂದ ಬಂದದ್ದು ಬಂದಿತಲ್ಲ ಎಂದು ಅವಳು ಹಿಡಿದುಕೊಂಡಳು.

ಎರಡು ಹಾಕಬೇಕೆಂದು ತೀರ್ಮಾನವಾದ ಮೇಲೆ ಶಾಂತರಾಜು ಕಪಾಟು ಹುಡುಕಿ ತಲೆ ಕೆರೆದುಕೊಂಡ. ಆ ಕಂಪನಿಯದು ಒಂದೇ ಉಳಿದಿತ್ತು. "ಮೆಮೊರಿಗೆ ಈಗ ಎಲ್ಲ ಕಡೆ ಟೈಟು ಸಾರ್. ದೊಡ್ಡ ದೊಡ್ಡ ಕಂಪನಿಗಳೇ ಬಾಚ್ಕೊಂಡು ಹೋಗ್ತಾವೆ. ಮೈಸೂರಿಂದ ಇನ್ನೊಂದು ತರಿಸ್ತೀನಿ. ಬೇರೆ ಕಂಪನಿದು ಹಾಕಿ ಕಳಿಸೋಕೆ ನನಗೆ ಮನಸ್ಸಿಲ್ಲ."

"ಬ್ಯಾಡ ಬ್ಯಾಡ. ಜೋಡಿನೇ ಬರ್ಲಿ," ಎಂದ ಶಿವರಾಮು.

ಕುಮಾರಿ ಆಟೋ ಕರೆತರಲು ಹೊರಗೆ ಹೋದಳು. ಶಾಂತರಾಜು ಕಟ್ಟಿ ಮುಗಿಸಿದ ಕಂಪ್ಯೂಟರಿನ ಡಬ್ಬದ ಬದಿ ತೆಗೆದು ಶಿವರಾಮುವಿಗೆ ಒಳಗಡೆ ತೋರಿಸಿದ. ಫ್ಯಾನಿನ ಪಕ್ಕದಲ್ಲಿ ಉದ್ದುದ್ದಕ್ಕೆ ನಾಲ್ಕು ಸೀಳುಗಳಿದ್ದವು. ಎರಡನೆಯದರಲ್ಲಿ ಆ ಬಾಚಣಿಗೆ ಕೂತಿತ್ತು.

"ಇನ್ನೊಂದು ಬಂದಾಗ ಮೇಡಂ ಕೈಲಿ ಕೊಟ್ಟು ಕಳಿಸ್ತೀನಿ ಸಾರ್. ಕರೆಂಟ್ ತೆಗೆದು, ಇದರ ಜೋಡಿ ಜಾಗಕ್ಕೆ ಒತ್ತಿ ಕೂರಿಸಿ. ಟಕ್ ಅನ್ಬೇಕು. ಬಣ್ಣ ನೋಡ್ಕೊಂಡು ಹಾಕಿ, ಅಷ್ಟೇ."

"ಎಂಜಿನ್ ಇಳ್ಸಿ ಅತ್ತಿಸ್ದೋನ್ಗ ಇದ್ಯಾವ ಲೆಕ್ಕ ಬುಡಪ್ಪ," ಎಂದ ಶಿವರಾಮು. ಜೋಡಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದಕ್ಕೆ ಅವನು ಗಮನ ಕೊಟ್ಟಿರಲಿಲ್ಲ.

ಮನೆಯ ನಡುಕೋಣೆಯಲ್ಲಿ ಮರದ ಮೇಜಿನ ಮೇಲೆ ಕಂಪ್ಯೂಟರ್ ಬಂದು ಕೂತಿತು. ಮೇಜಿನ ಅಂಚಿಗೆ ಸ್ಟೇರಿಂಗು, ಕೆಳಗೆ ಪೆಡಲು. ಗೇರು ತಾನಾಗಿಯೇ ಬೀಳುವಂತೆ ಕುಮಾರಿ ಮಾಡಿಕೊಟ್ಟಿದ್ದರಿಂದ ಎಡಗಾಲಿನ ಕೆಲಸವಿರಲಿಲ್ಲ. "ಕ್ಲಚ್ಚಿಲ್ದ ಲಾರಿ," ಎಂದು ಶಿವರಾಮು ಮೂಗು ಮುರಿದ. ಸ್ಟೇರಿಂಗನ್ನು ಮಾತ್ರ ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿದ. ಮಲಪ್ಪುರಂ ಹುಡುಗರ ಹಂಗಳದಲ್ಲಿ ಅವನ ಮನೆ ಇರಲಿಲ್ಲ. ಆ ಜಾಗದಲ್ಲಿ ಒಂದು ಪೆಟ್ಟಿಗೆ ಅಂಗಡಿಯಿಟ್ಟು ಮಲಯಾಳದಲ್ಲಿ ಬೋರ್ಡು ಬರೆದಿದ್ದರು. ಮಲ್ಲಿಗಮ್ಮ ಅದನ್ನು ನೋಡಿ, "ನಮ್ಮನ ಕಿತ್ತಾಕ್ಬುಟ್ಟವ್ರಲ್ಲ ಇವ್ರು," ಎಂದು ನಕ್ಕಳು.

ಒಂದೇ ಮೆಮೊರಿಯಲ್ಲಿ ಆಟದ ಲಾರಿ ಓಡಿತು ಎಂದರೆ ಓಡಿತು, ಇಲ್ಲವೆಂದರೆ ಇಲ್ಲ. ನೇರ ರಸ್ತೆಯಲ್ಲಿ ಹೋಗುತ್ತಿತ್ತು. ತಿರುವು ಬಂದು, ಮರಗಳು ದಟ್ಟವಾಗಿ, ಎದುರಿನಿಂದ ಇನ್ನೊಂದು ಗಾಡಿ ಬಂದರೆ ಚಿತ್ರ ಅಲ್ಲಲ್ಲೇ ಹಿಡಿದು ನಿಲ್ಲುತ್ತಿತ್ತು. ಬಿಟ್ಟಾಗ ಲಾರಿ ಎಲ್ಲೋ ಇರುತ್ತಿತ್ತು. "ಇನ್ನೊಂದು ಬರ್ಲಿ ಇರಪ್ಪ, ಆಮೇಲ ನೋಡು," ಎಂದಳು ಕುಮಾರಿ. ಶಿವರಾಮು ಸಂಜೆ ಹೊರಗೆ ಹೋಗಿ ತನ್ನ ಲಾರಿಯ ಸೀಟಿನ ಧೂಳು ಒರೆಸಿ ಬಂದ.

ಇನ್ನೊಂದು ಮೆಮೊರಿ ಬಂದ ಮೇಲಿನ ಭಾನುವಾರ ಪರೀಕ್ಷೆ ಎಂದಾಯಿತು. ಕುಮಾರಿ ಫೋನು ಮಾಡಿ ಮೂಗಯ್ಯನನ್ನೂ ಬರಹೇಳಿದ್ದಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಣ್ಣು ನೋಡಲು ಬಂದವನ ಹಾಗೆ ಬೆಂಚಿನ ತುದಿಯಲ್ಲಿ ಕೂತ.

ಶಿವರಾಮು ಕೈ ತೊಳೆದು ಟವೆಲ್ಲಿಗೆ ಒರೆಸಿಕೊಂಡು ಡಬ್ಬದ ಬದಿ ತೆಗೆದ. ಎರಡನೆಯ ಸೀಳಿನಲ್ಲಿ ಹಳೆಯದು ಇತ್ತು. ಅದರ ಒಂದು ಪಕ್ಕ ಮೊದಲನೆಯದು, ಇನ್ನೊಂದು ಪಕ್ಕ ಮೂರನೆಯದು. ಲಾರಿಯ ಹಿಂದಿನ ಜೋಡಿಯಲ್ಲಿ ಒಳಬದಿಯ ಟೈರು, ಅಂದರೆ ಒಳಟೈರು, ಕೂರಿಸಿಯೇ ಹೊರಟೈರು ಕೂರಿಸುವುದು. ಆ ಲೆಕ್ಕದಲ್ಲಿ ಫ್ಯಾನಿನ ಕಡೆಯ, ಒಳಗಿನ ಮೊದಲ ಸೀಳನ್ನೇ ಆರಿಸಿ, ಹೊಸದನ್ನು ಹಳೆಯದಕ್ಕೆ ಒತ್ತಾಗಿ ಇಟ್ಟು ಹೆಬ್ಬೆರಳಿನಿಂದ ಒತ್ತಿದ. ಟಕ್ ಎಂದಿತು. ಎರಡೂ ಅಕ್ಕಪಕ್ಕ ಅಂಟಿಕೊಂಡು ಕೂತದ್ದು ನೋಡಿ, "ಈಗ ಜೋಡಿ ಆಯ್ತು ನೋಡು," ಎಂದ. ಮೂಗಯ್ಯ ತಲೆಯಾಡಿಸಿದ. ಆ ಮನೆಯಲ್ಲಿ ಅದು ತಪ್ಪೆನ್ನುವವರು ಯಾರೂ ಇರಲಿಲ್ಲ.

ಲಾರಿ ಗುಂಡ್ಲುಪೇಟೆ ಬಿಟ್ಟಿತು. ಮೊದಲಿಗಿಂತ ಸ್ವಲ್ಪ ಬೇಗ ಹೊರಟಿತು ಎನ್ನುವುದನ್ನು ಬಿಟ್ಟರೆ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ. ಹಂಗಳ ದಾಟಿತು. ಕಾಡು ಶುರುವಾಗುವಲ್ಲಿ ಎದುರಿನಿಂದ ಬಸ್ಸೊಂದು ಬಂತು. ಚಿತ್ರ ನಿಂತಿತು. ಶಿವರಾಮು ಎಡಕ್ಕೆ ಎಳೆದ, ಬ್ರೇಕು ತುಳಿದ. ಚಿತ್ರ ಬಿಟ್ಟಾಗ ಲಾರಿ ಲಂಟಾನದ ಪೊದೆಯೊಳಗೆ ಮೂತಿಯಿಟ್ಟು ನಿಂತಿತ್ತು.

"ನೋಡ್ದಾ?" ಎಂದ ಶಿವರಾಮು ಮಗಳ ಕಡೆ ತಿರುಗಿ. "ನಾ ಏಳ್ನಿಲ್ವಾ? ಆಟ ಆಟವೇ ಕಣಮ್ಮಿ."

ಅವನಿಗೆ ಖುಷಿಯಾಗಿತ್ತು. ಮುಚ್ಚಿಟ್ಟುಕೊಳ್ಳಲು ನೋಡಿದರೂ ಮುಚ್ಚಲಾಗಲಿಲ್ಲ. ಕುಮಾರಿ ಪರದೆಯನ್ನೇ ನೋಡುತ್ತಿದ್ದಳು. ಹೊಸ ಮೆಮೊರಿಯ ಖಾಲಿ ಡಬ್ಬಿ ಅವಳ ಕೈಯಲ್ಲೇ ಇತ್ತು.

"ಒಂದ್ ಆಟಕ್ಕ ಯಾಕಮ್ಮ ಬೇಜಾರು," ಎಂದು ಮೂಗಯ್ಯ ಎದ್ದ. ಟೀ ಲೋಟ ಕೆಳಗಿಟ್ಟು, ಹೊರಗೆ ಬಂದು, ಅಭ್ಯಾಸಬಲದಿಂದ ಲಾರಿಯನ್ನು ಒಂದು ಸುತ್ತು ಹಾಕಿದ. ಹಿಂದಿನ ಗಾಲಿಯ ಹತ್ತಿರ ಬಗ್ಗಿ ನೋಡಿ ಅಲ್ಲಿಂದಲೇ ಕೂಗಿದ. "ಅಣ್ಣ, ಗಾಳಿನಾರ ಒಡ್ಸು. ಒಳಟೈರು ಕೂತ್ಬುಟ್ಟದ."

"ನಂಗೊತ್ತದ ಓಗ್ಲಾ," ಎಂದ ಶಿವರಾಮು ಜಗಲಿಯಿಂದ. ಅವನಿಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಕುಮಾರಿ ಮುಖ ಊದಿಸಿಕೊಂಡೇ ಹೊರಟಳು. ಹೊರಡುವ ಮುಂಚೆ ಡಬ್ಬದ ಬದಿ ತೆಗೆದು ಒಳಗಿನ ಒಂದು ಫೋಟೋ ತೆಗೆದಳು.

"ಯಾಕಮ್ಮಿ ಅದು?"

"ಶಾಂತರಾಜುಗೆ ಕಳಿಸ್ತೀನಿ. ಮಾಲೇ ಸರಿ ಇಲ್ವೇನೋ."

"ಮಾಲೆಲ್ಲ ಸರಿಯಾಗೇ ಅದ. ವಾಪಸ್ ತಗಂಡ್ರ ಕೊಟ್ಬುಡು," ಎಂದ ಶಿವರಾಮು. ಅವಳು ಬಸ್ಸಿಗೆ ಓಡಿದಳು. ಮಲ್ಲಿಗಮ್ಮ ಕಳೆ ಕೀಳಲು ಹೋಗಿದ್ದಳು. ಮನೆಯಲ್ಲಿ ಅವನೊಬ್ಬನೇ ಉಳಿದ.

ಮಧ್ಯಾಹ್ನ ಮುದ್ದೆ ಉಂಡು ಕೈ ತೊಳೆಯುತ್ತಿದ್ದಾಗ ಫೋನು ಬಂತು.

"ಸಾರ್, ಶಾಂತರಾಜು. ಮೇಡಂ ಮೀಟಿಂಗಲ್ಲಿದ್ದಾರೆ ಅನ್ಸುತ್ತೆ, ಫೋನ್ ಎತ್ತಲಿಲ್ಲ. ಫೋಟೋ ನೋಡಿದೆ. ಎರಡನ್ನೂ ಅಕ್ಕಪಕ್ಕ ಹಾಕ್ಬಿಟ್ಟಿದ್ದೀರಲ್ಲ ಸಾರ್."

"ಜೋಡಿ ಜಾಗಕ್ಕ ಆಕಿ ಅಂದ್ರಲ್ಲಪ್ಪ ನೀವು."

"ಜೋಡಿ ಅಂದ್ರೆ ಒಂದೇ ಬಣ್ಣದ್ದು ಸಾರ್. ಎರಡನೇದಕ್ಕೆ ನಾಲ್ಕನೇದು ಜೋಡಿ. ನಡುವೆ ಒಂದು ಖಾಲಿ ಬಿಡ್ಬೇಕು. ಅಂಟಿಸಿ ಹಾಕಿದ್ರೆ ಎರಡೂ ಒಂದೇ ದಾರೀಲಿ ನುಗ್ತವೆ, ಎರಡು ಹಾಕಿದ್ದಕ್ಕೆ ಅರ್ಥಾನೇ ಇಲ್ಲ. ನಾನೂ ಸರಿಯಾಗಿ ಬಿಡಿಸಿ ಹೇಳ್ಬೇಕಿತ್ತು ಬಿಡಿ. ಮೇಡಂಗೆ ನೀವೇ ಹೇಳ್ಬಿಡ್ತೀರಾ?"

"ಆಯ್ತು, ನಾ ಏಳ್ತೀನಿ," ಎಂದ ಶಿವರಾಮು.

ಫೋನು ಕೆಳಗಿಟ್ಟ. ಕೋಣೆಯೊಳಗೆ ಕಂಪ್ಯೂಟರ್ ಕಪ್ಪಗೆ ಕೂತಿತ್ತು. ಹೊರಗೆ ಲಾರಿ ನಿಂತಿತ್ತು. ಮನೆಯಲ್ಲಿ ವಿಷಯ ಈಗ ಗೊತ್ತಿರುವುದು ತನಗೊಬ್ಬನಿಗೆ ಎನ್ನುವುದು ಅವನಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೇಳದಿದ್ದರೆ ಕುಮಾರಿ ಇವತ್ತೋ ನಾಳೆಯೋ ಡಬ್ಬ ಕಟ್ಟಿ ಅಂಗಡಿಗೆ ಸಾಗಿಸುತ್ತಾಳೆ. ಶಾಂತರಾಜು ಕೇಳಿದರೆ ಬದಲಾಯಿಸಿ ನೋಡಿದೆವು, ಆಗಲಿಲ್ಲ ಎಂದರಾಯಿತು. ಮನೆಯಲ್ಲಿ ಲಾರಿಯ ಮಾತು ಇನ್ನು ಯಾರೂ ಎತ್ತುವ ಹಾಗಿಲ್ಲ. ಮನೆಯವರಿಗಂತೂ ಅವನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಿತ್ತು, ಮತ್ತು ಸುಮ್ಮನೆ ಕೂರುವುದರಲ್ಲಿ ಅವನು ಈಗ ಪಳಗಿದ್ದ.

ಕೂತ. ಕೂರಲಾಗಲಿಲ್ಲ. ಊರುಗೋಲು ತೆಗೆದುಕೊಂಡು ಲಾರಿಯ ಹತ್ತಿರ ಹೋದ.

ಮೂಗಯ್ಯ ಹೇಳಿದ ಮಾತು ನಿನ್ನೆಯಿಂದ ಒಳಗೊಳಗೇ ಕೊರೆಯುತ್ತಿತ್ತು. ಹಿಂದಿನ ಗಾಲಿಯ ಪಕ್ಕ ನಿಂತು ಊರುಗೋಲಿನ ತುದಿಯಿಂದ ಹೊರಟೈರಿಗೆ ಬಡಿದ. ಗಟ್ಟಿ ಸದ್ದು ಬಂತು. ಒಳಟೈರಿಗೆ ಬಡಿದ. ಹಳೇ ದಿಂಬಿಗೆ ಬಡಿದಂತಾಯಿತು. ಅಷ್ಟು ದಿನದಿಂದ ಆ ಬದಿಯ ಭಾರವೆಲ್ಲ ಹೊರಟೈರಿನ ಮೇಲೇ ಬಿದ್ದಿತ್ತು. ಅದರ ಹೊಟ್ಟೆ ಉಬ್ಬಿ, ಮೈ ಬಿರಿದಿತ್ತು. ಊರುಗೋಲನ್ನು ಲಾರಿಗೆ ಒರಗಿಸಿ, ಒಂದು ಕೈಯಲ್ಲಿ ಬಾಡಿಯ ಕಬ್ಬಿಣ ಹಿಡಿದು ಬಗ್ಗಿ, ಇನ್ನೊಂದು ಕೈಯನ್ನು ಎರಡು ಟೈರುಗಳ ನಡುವೆ ತೂರಿಸಲು ನೋಡಿದ. ಹೋಗಲಿಲ್ಲ. ಬೆರಳಿನ ತುದಿಯೂ ಹೋಗಲಿಲ್ಲ. ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು.

ಮೂಗಯ್ಯ ಕ್ಲೀನರಾಗಿ ಬಂದ ಹೊಸದರಲ್ಲಿ ಶಿವರಾಮು ಅವನಿಗೆ ಕಲಿಸಿದ ಮೊದಲ ಪಾಠ ಅದೇ. ಗಾಡಿ ನಿಲ್ಲಿಸಿದಾಗಲೆಲ್ಲ ಇಳಿದು ಜೋಡಿ ಟೈರಿನ ನಡುವೆ ಕೈ ಆಡಿಸಿ ನೋಡಬೇಕು. ಕಲ್ಲು ಸಿಕ್ಕಿದ್ದರೆ ತೆಗೆಯಬೇಕು. ಎರಡೂ ತಾಗಿದ್ದರೆ ಗಾಡಿ ಮುಂದಕ್ಕೆ ಹೋಗಕೂಡದು. ತಾಗಿದ ಟೈರು ಉಜ್ಜಿ ಉಜ್ಜಿ ಬಿಸಿಯಾಗಿ ಘಾಟಿಯಲ್ಲಿ ಸಿಡಿಯುತ್ತದೆ. "ನಡುವ ಕೈ ಆಡ್ಬೇಕು ಕಣ್ಲಾ, ಕೈ ಆಡ್ಬೇಕು," ಎಂದು ಅವನ ತಲೆಗೆ ಮೊಟಕಿ ಹೇಳುತ್ತಿದ್ದ. ಈಗ ಜೋಡಿ ಎಂದ ಕೂಡಲೇ ಅಂಟಿಸಿ ಕೂರಿಸಿದ್ದು ಅದೇ ಶಿವರಾಮು. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಲಾರಿಯ ಬಗ್ಗೆ ಸಂಕಟವಾಯಿತು. ಓಡಿಸಿ ಸವೆಸಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಪ್ರೀತಿಯಿಂದ ಇಟ್ಟುಕೊಂಡಿದ್ದೇನೆ ಎಂದುಕೊಂಡೇ ಕೊಳೆಸುತ್ತಿದ್ದ. ಅಡಿಯಲ್ಲಿ ಕೂತಿದ್ದ ಕೋಳಿ ಅವನನ್ನು ನೋಡಿ ಕೊಕ್ ಎಂದು ಸ್ವಲ್ಪ ಆಚೆ ಸರಿಯಿತು.

ಬಹಳ ಹೊತ್ತು ಅಲ್ಲೇ ನಿಂತಿದ್ದ. ಆಮೇಲೆ ಒಳಗೆ ಹೋಗಿ, ಕರೆಂಟಿನ ಪ್ಲಗ್ಗು ಕಿತ್ತು, ಡಬ್ಬದ ಬದಿ ತೆಗೆದು ಬೆಳಕಿಗೆ ತಿರುಗಿಸಿದ. ಈಗ ಬಣ್ಣ ಕಂಡಿತು. ಒಂದು ಕಪ್ಪು, ಒಂದು ಬೂದಿ, ಒಂದು ಕಪ್ಪು, ಒಂದು ಬೂದಿ. ಮೊದಲನೆಯದರಲ್ಲಿದ್ದುದನ್ನು ಕಿತ್ತು, ಮೂರನೆಯದನ್ನು ಖಾಲಿ ಬಿಟ್ಟು, ನಾಲ್ಕನೆಯದಕ್ಕೆ ಒತ್ತಿದ. ಟಕ್ ಎಂದಿತು. ಎರಡರ ನಡುವೆ ಬೆರಳಾಡಿಸಿ ನೋಡಿದ.

ಸಂಜೆ ಕುಮಾರಿ ಬಂದಾಗ ಮನೆಯೊಳಗಿಂದ ಲಾರಿಯ ಸದ್ದು ಕೇಳಿಸುತ್ತಿತ್ತು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು. ಪರದೆಯ ಮೇಲೆ ಆಗಲೇ ರಾತ್ರಿಯಾಗಿತ್ತು. ಲಾರಿಯ ಹೆಡ್‌ಲೈಟು ಹತ್ತಿತ್ತು. ಎರಡೂ ಕಡೆ ಕಾಡು, ಮುಂದೆ ಟಾರು ರಸ್ತೆ ಬಿದ್ದುಕೊಂಡಿತ್ತು. ಎದುರಿನಿಂದ ಒಂದರ ಹಿಂದೊಂದು ಗಾಡಿ ಬಂದು ಹಾದು ಹೋದವು. ಚಿತ್ರ ಎಲ್ಲೂ ಹಿಡಿಯಲಿಲ್ಲ. ಆದರೆ ಶಿವರಾಮುವಿನ ಲಾರಿ ಮಾತ್ರ ರಸ್ತೆಯ ಎಡಕ್ಕೆ ಒತ್ತಿ, ಎಂಜಿನ್ ಗುಡುಗುಡು ಎನ್ನುತ್ತ ನಿಂತೇ ಇತ್ತು.

"ಯಾಕಪ್ಪ, ಮತ್ತ ನಿಂತ್ಕಬುಡ್ತಾ?"

"ಇಲ್ಲ. ನಾನೇ ನಿಲ್ಸಿವ್ನಿ."

"ಯಾಕ?"

"ಕತ್ಲಾಯ್ತಲ್ಲಮ್ಮಿ. ಮೇಲುಕಾಮನಹಳ್ಳಿ ಗೇಟು. ಇನ್ನು ಬೆಳಗ್ಗೇನೇ ಬುಡಾದು."

ಕುಮಾರಿ ಪರದೆ ನೋಡಿದಳು. ಅಲ್ಲಿ ರಾತ್ರಿ ಕಾಡಿನೊಳಗೆ ಗಾಡಿ ಬಿಡದ ಅರಣ್ಯ ಇಲಾಖೆಯ ಗೇಟಿರಲಿಲ್ಲ, ಕಾವಲಿನವರಿರಲಿಲ್ಲ, ಅಡ್ಡಕಟ್ಟಿದ ಮರವಿರಲಿಲ್ಲ. ಮಲಪ್ಪುರಂ ಹುಡುಗರು ಅದೆಲ್ಲವನ್ನು ಬಿಟ್ಟುಬಿಟ್ಟಿದ್ದರು.

"ಇದ್ರೊಳಗ ಗೇಟಿಲ್ಲ ಕಣಪ್ಪ. ಓಗ್ಬೋದು."

"ರಾತ್ರಿನೂವಾ?"

"ರಾತ್ರಿನೂ."

ಶಿವರಾಮು ಸ್ವಲ್ಪ ಹೊತ್ತು ಅನುಮಾನಿಸಿದ. ಆಮೇಲೆ ಹ್ಯಾಂಡ್‌ಬ್ರೇಕು ಬಿಟ್ಟು, ಬಲಗಾಲಿನಿಂದ ಮೆಲ್ಲಗೆ ಒತ್ತಿದ. ಲಾರಿ ಕಾಡಿನೊಳಗೆ ಹೋಯಿತು. ಕುಮಾರಿ ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಬೆಂಚಿನ ಮೇಲೆ ಕೂತಳು. ಕೆಲಸದಿಂದ ಬಂದ ಮಲ್ಲಿಗಮ್ಮ ಬಾಗಿಲಲ್ಲೇ ನಿಂತು ನೋಡಿದಳು. ಲಾರಿ ಎಲ್ಲೂ ಹಿಡಿಯದೆ ಓಡಿ, ಗೂಡಲೂರಿನ ದೀಪಗಳು ಕಾಣಿಸಿದವು.

"ಯಾನ ಮಾಡ್ದ ಅದ್ಕ?" ಎಂದು ಕೇಳಿದಳು ಕುಮಾರಿ ಕೊನೆಗೆ.

"ನಡುವ ಒಂದು ಖಾಲಿ ಬುಟ್ಟೆ," ಎಂದ ಶಿವರಾಮು. "ಅಂಗಡಿಯೋನು ಫೋನ್ ಮಾಡಿದ್ದ." ಸ್ಟೇರಿಂಗಿನಿಂದ ಕೈ ತೆಗೆಯದೆ, ಪರದೆಯಿಂದ ಕಣ್ಣು ತೆಗೆಯದೆ ಮುಂದುವರಿಸಿದ. "ಮೂಗಯ್ಯನ್ಗ ಒಂದ್ ಫೋನ್ ಆಕು. ಗಾಳಿ ಮಿಷನ್ನು, ಬ್ಯಾಟರಿ ತಗಂಡು ಬರಾಕ ಏಳು. ಹೊರಟೈರು ಬಿರ್ದದ, ಒಳಗಿಂದ್ರಷ್ಟೇ ಸವ್ದಿರದು, ಅದೇ ಕಂಪ್ನಿದು ಒಂದು ತರಾಕ ಏಳು. ಸುಮ್ಕ ಬಂದ್ರ ಗಾಡಿ ಓಗಾಕಿಲ್ಲ ಅಂತ ಏಳು."

ಕುಮಾರಿಗೆ ಗೆದ್ದ ಹಾಗೆ ಅನಿಸಲಿಲ್ಲ. ಫೋನು ಹಿಡಿದುಕೊಂಡು ಹೊರಗೆ ಹೋಗಿ, ಲಾರಿಯ ಹತ್ತಿರ ನಿಂತು, ಸ್ವಲ್ಪ ತಡೆದು ನಂಬರು ಒತ್ತಿದಳು.

ಮೂಗಯ್ಯ ಬಂದ ದಿನ ಇಸ್ತ್ರಿ ಅಂಗಿ ಹಾಕಿರಲಿಲ್ಲ. ಇಡೀ ಬೆಳಗಿನ ಹೊತ್ತು ಲಾರಿಯ ಅಡಿಯಲ್ಲೇ ಇದ್ದ. ಮಲ್ಲಿಗಮ್ಮ ಅದಕ್ಕೂ ಮುಂಚೆಯೇ ಕೋಳಿಯ ಮೊಟ್ಟೆಗಳನ್ನು ಎತ್ತಿ ಬುಟ್ಟಿಗಿಟ್ಟಿದ್ದಳು. ಬ್ಯಾಟರಿ ಕೂತಿತು, ಹೊರಟೈರು ಬದಲಾಯಿತು, ಒಳಟೈರಿಗೆ ಗಾಳಿ ತುಂಬಿತು. ಲಾರಿ ಮೆಲ್ಲಗೆ ಎದ್ದು ನಿಂತಿತು. ಶಿವರಾಮು ಜಗಲಿಯ ಮೇಲಿಂದ ಇಳಿಯಲಿಲ್ಲ. ಮೂಗಯ್ಯ ಎದ್ದು, ಹಿಂದಿನ ಗಾಲಿಯ ಹತ್ತಿರ ಹೋಗಿ, ಕೈ ತೂರಿಸಿ ಆಚೀಚೆ ಆಡಿಸಿದ.

"ಕೈ ಆಡ್ತದ ಅಣ್ಣ," ಎಂದ.

"ದಿನಾ ನೋಡ್ಬೇಕು," ಎಂದ ಶಿವರಾಮು. ಜೇಬಿನಿಂದ ಕೀ ತೆಗೆದು ಕೊಟ್ಟ. ಮೂಗಯ್ಯ ಅದನ್ನು ಕಣ್ಣಿಗೊತ್ತಿಕೊಂಡು ಹತ್ತಿ ಕೂತ. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಶಿವರಾಮು ತಲೆ ಓರೆಮಾಡಿ ಅದರ ಸದ್ದು ಕೇಳಿದ. ಲಾರಿ ಬೇವಿನ ಕೊಂಬೆಗೆ ಉಜ್ಜಿಕೊಂಡು ರಸ್ತೆಗಿಳಿದು ಬಂಡೀಪುರದ ಕಡೆ ತಿರುಗಿತು. ಅದು ಮರೆಯಾಗುವವರೆಗೆ ನೋಡಿ, ಅವನು ಒಳಗೆ ಹೋಗಿ ಮಲಗಿದ. ಆ ದಿನ ಕಂಪ್ಯೂಟರ್ ಹಾಕಲಿಲ್ಲ.

ಆ ವಾರದಲ್ಲೇ ಒಂದು ಸಂಜೆ ಕುಮಾರಿ, ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನವರೆಗೆ ಓಡಾಡಲೆಂದು ಕಚೇರಿಯ ಜೊತೆಯವಳಿಂದ ಕೊಂಡ ಹಳೆಯ ಸ್ಕೂಟರಿನಲ್ಲಿ ಮನೆಗೆ ಬಂದಳು. ಬೇವಿನ ಮರಕ್ಕೂ ಜಗಲಿಗೂ ನಡುವೆ ಅಷ್ಟಗಲ ಜಾಗ ಬಿಡುವಾಗಿತ್ತು. ಅಲ್ಲೇ ಸ್ಟ್ಯಾಂಡ್ ಹಾಕಲು ಹೋದಳು. ಒಳಗೆ ಆಟದ ಲಾರಿಯ ಸದ್ದು ನಿಂತಿತು. ಶಿವರಾಮು ಬಾಗಿಲಿಗೆ ಬಂದ.

"ಅಲ್ಲಿ ಬ್ಯಾಡ ಕಣಮ್ಮಿ. ಈ ಕಡ ಗೋಡ ಪಕ್ಕ ನಿಲ್ಸು."

"ಜಾಗ ಖಾಲಿ ಅದಲ್ಲಪ್ಪ."

"ಊಂ. ಅದು ಅಂಗೇ ಇರ್ಲಿ."

ಕುಮಾರಿ ಅಪ್ಪನ ಮುಖ ನೋಡಿ, ಸ್ಕೂಟರನ್ನು ತಳ್ಳಿಕೊಂಡು ಹೋಗಿ ಗೋಡೆಗೆ ಒತ್ತಿ ನಿಲ್ಲಿಸಿದಳು. ಬಿಡುವಾದ ಜಾಗದ ನಡುವೆ ಆಯಿಲ್ ಸುರಿದ ಕಪ್ಪು ಕಲೆಯಿತ್ತು. ಸ್ಕೂಟರಿಗೆ ಹೆದರಿ ಓಡಿದ್ದ ಕೆಂದ ಕೋಳಿ ತಿರುಗಿ ಬಂದು, ಕಲೆಯ ಸುತ್ತ ಒಂದು ಸಲ ನಡೆದು, ಗಾಲಿಯಿದ್ದ ಕಡೆ ಮಣ್ಣು ಕೆದಕಿ, ಅಲ್ಲೇ ಬಯಲಿನಲ್ಲಿ ಕೂತಿತು.